ದುಡ್ಡಿಗಿಲ್ಲದ ಗಡಿ ಡಿಸ್ಕಿಗೆ ಯಾಕೆ?

ಮತ್ತೆ ಅದೇ ಗೋಳು. ಟೋಕಿಯೋದ ಎಲೆಕ್ಟ್ರಾನಿಕ್ಸ್, ಗೇಮ್ ಅಂಗಡಿಗಳ ಪೇಟೆ ಅಕಿಹಬಾರಾದಿಂದ ಹೊತ್ತು ತಂದ ಅನಿಮೆ (ಜಪಾನಿ ಕಾರ್ಟೂನ್) ಬ್ಲೂ-ರೇ ಡಿಸ್ಕನ್ನು ಜಯನಗರದ ನಮ್ಮ ಮನೆಯ ಪ್ಲೇಯರ್ ನಿನ್ನೆ ರಾತ್ರಿ ಮೂಸಿಯೂ ನೋಡಲಿಲ್ಲ. ಕಾರಣ? ರೀಜನ್ ಕೋಡ್, ಅಂದ್ರೆ ಒಂದು ಪ್ರದೇಶದ ಡಿಸ್ಕು ಇನ್ನೊಂದು ಪ್ರದೇಶದ ಪ್ಲೇಯರಿನಲ್ಲಿ ಓಡದಂತೆ ಹಾಕಿದ ಬೀಗ. ಬ್ಲೂ-ರೇ ಲೆಕ್ಕದಲ್ಲಿ ಜಪಾನ್ 'ಎ', ನಾವು 'ಸಿ'. ಡಿವಿಡಿಯಲ್ಲಾದರೆ ಅವರು 2, ನಾವು 5. ದುಡ್ಡು ಕಟ್ಟುವಾಗ ಮಾತ್ರ ನನ್ನ ಕಾರ್ಡಿಗೆ ಯಾವ ರೀಜನ್ನೂ ಅಡ್ಡ ಬರಲಿಲ್ಲ ನೋಡಿ!

ಅಕಸ್ಮಾತ್ ಓಡಿತು ಅನ್ನಿ, ಇಂಗ್ಲಿಷ್ ಸಬ್‌ಟೈಟಲ್ ಬಹುತೇಕ ಇರುವುದೇ ಇಲ್ಲ. ಎಷ್ಟೋ ಡಿಸ್ಕಿನಲ್ಲಿ ಎರಡೋ ಮೂರೋ ಎಪಿಸೋಡು, ಬೆಲೆ ಸಾವಿರಾರು ಯೆನ್. ಇಡೀ ಸರಣಿ ಬೇಕಂದ್ರೆ ಊರಲ್ಲಿರೋ ಸೈಟು ಮಾರಬೇಕಾ?

ಗೇಮುಗಳೇನು ಕಮ್ಮಿಯಾ? ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಸ್ವಿಚ್‌ಗೆ ಈ ಬೀಗವಿಲ್ಲ, ಪುಣ್ಯ. ಅದೇ ಕಂಪನಿಯ ಹಳೇ ಯಂತ್ರ 3ಡಿಎಸ್‌ಗೆ ಇದೆ. ಅಗ್ಗಕ್ಕೆ ರಾಶಿ ಬಿದ್ದಿರೋದು ಯಾವುದು ಹೇಳಿ? ಅದೇ! ಪ್ಲೇಸ್ಟೇಷನ್ 4, 5ರ ಗೇಮ್ ಡಿಸ್ಕ್ ಓಡುತ್ತದೆ, ಆದರೆ ಅದರ ಡಿಎಲ್‌ಸಿ (ಆಮೇಲೆ ಡೌನ್‌ಲೋಡ್ ಮಾಡಿಕೊಳ್ಳೋ ಹೆಚ್ಚುವರಿ ಭಾಗ) ನಮ್ಮ ಇಂಡಿಯಾ ಅಕೌಂಟಿನಲ್ಲಿ ಕೊಂಡರೆ ಹೊಂದೋದೇ ಇಲ್ಲ.

ಇದರ ಮೇಲೆ ನೆಂಟರ ಕಾಟ. "ಹೆಂಗೂ ಹೋಗ್ತಿದೀಯಲ್ಲ, ನಮ್ಮ ಹುಡುಗನಿಗೂ ಒಂದು ಗೇಮ್ ತಾರೋ." ಯಾವುದು ಅಂದ್ರೆ, "ಒಳ್ಳೇದು ನೋಡಿ ತಗೋಳಪ್ಪ." ಒಳ್ಳೇದಂತೆ! ಮಹಡಿ ಮೇಲೆ ಮಹಡಿ ಅಂಗಡಿ, ನೆಲದಿಂದ ಸೂರಿನವರೆಗೆ ಜಪಾನಿಯರ ಕಾಂಜಿ ಅಕ್ಷರ. ಅದರ ಮಧ್ಯೆ ನಾನು ಕತ್ತು ವಾರೆ ಮಾಡಿಕೊಂಡು ಒಳ್ಳೇದು ಹುಡುಕಬೇಕು. ದುಡ್ಡು? ಅದು "ಆಮೇಲೆ ನೋಡೋಣ".

ಎಲ್ಲ ಮುಗಿದ ಮೇಲೆ ಅತ್ತೆ ಕೇಳ್ತಾರೆ, "ಇದೆಲ್ಲ ಮೊಬೈಲಲ್ಲೇ ಬರುತ್ತಲ್ವೇನೋ? ಸುಮ್ನೆ ಯಾಕೆ ಹೊತ್ಕೊಂಡ್ ಬಂದೆ?"