ಕೊಡಾಕ್‌ಗೆ ಡಿಜಿಟಲ್ ಗೊತ್ತೇ ಇರಲಿಲ್ವಾ? ಸತ್ಯಾಂಶ ಇದು

ಮಡಿಕೇರಿ ಕಡೆಯ ನಮ್ಮ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಫಾರ್ವರ್ಡ್: "ಡಿಜಿಟಲ್ ಕ್ಯಾಮೆರಾ ಬರುತ್ತೆ ಅಂತ ಕೊಡಾಕ್‌ಗೆ ಗೊತ್ತೇ ಇರಲಿಲ್ಲ, ಅದಕ್ಕೇ ಮುಳುಗಿತು. ಹೊಸದನ್ನು ಮೊದಲು ಹಿಡಿದವರೇ ಉಳಿಯೋದು."

ತಪ್ಪು. ಮೊದಲು ಹಿಡಿದದ್ದೇ ಕೊಡಾಕ್, ಅಂದರೆ ಕ್ಯಾಮೆರಾಗೆ ಹಾಕುವ ಫಿಲ್ಮ್ ಮಾರುತ್ತಿದ್ದ ಅಮೆರಿಕದ ಕಂಪನಿ. 1975ರಲ್ಲಿ ಅದರ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಮಾಡಿದ್ದರು. ಸುಮಾರು ಮೂರೂವರೆ ಕಿಲೋ ತೂಕ. ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್‌ಗೆ ಇಳಿಯಲು 23 ಸೆಕೆಂಡ್! ಆದರೆ ಕಂಪನಿಯ ಲಾಭ ಜಾಸ್ತಿ ಇದ್ದದ್ದು ಫಿಲ್ಮ್ ರೋಲಿನಲ್ಲಿ. ಅದನ್ನು ಬಿಡಲು ಮನಸ್ಸು ಬರಲಿಲ್ಲ. ಡಿಜಿಟಲ್ ಬಂದು ಫಿಲ್ಮ್ ಮಾರಾಟ ಬಿದ್ದುಹೋಯಿತು, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. (ಈಗಲೂ ಚಿಕ್ಕದಾಗಿ ಇದೆ ಅನ್ನಿ.)

ಎದುರಾಳಿ, ಜಪಾನಿನ ಫಿಲ್ಮ್ ಕಂಪನಿ ಫ್ಯೂಜಿಫಿಲ್ಮ್‌ಗೂ ಅದೇ ಹೊಡೆತ ಬಿತ್ತು. ಆದರೆ ತನಗೆ ಗೊತ್ತಿರುವ ಕಸುಬು ಇನ್ನೆಲ್ಲಿ ನಡೆಯುತ್ತೆ ಅಂತ ಅದು ಹುಡುಕಿತು. ಫಿಲ್ಮ್‌ಗೆ ಕೊಲಾಜೆನ್ ಅನ್ನೋ ಪ್ರೋಟೀನ್ ಬೇಕು, ಚರ್ಮಕ್ಕೂ ಬೇಕು ಅಲ್ವಾ? 2007ರಲ್ಲಿ ಮುಖದ ಕ್ರೀಮ್ ತಂದಿತು. ಎಲ್‌ಸಿಡಿ ಪರದೆಯ ಒಳಗಿನ ತೆಳು ಹಾಳೆಯನ್ನೂ ಮಾರಿತು. ಕಾಫಿಗೆ ನೆರಳು ಕೊಡುವ ಸಿಲ್ವರ್ ಮರಕ್ಕೇ ನಾವು ಮೆಣಸಿನ ಬಳ್ಳಿ ಹಬ್ಬಿಸ್ತೀವಲ್ಲ, ಹೆಚ್ಚುಕಡಿಮೆ ಆ ಲೆಕ್ಕ.

ಹಾಗಂತ ಬೇರೆ ವ್ಯಾಪಾರಕ್ಕೆ ಕೈ ಹಾಕಿದವರೆಲ್ಲ ಉಳಿಯುತ್ತಾರೆ ಅಂತ ಇನ್ನೊಂದು ಫಾರ್ವರ್ಡ್ ಶುರು ಮಾಡಬೇಡಿ. ಕೊಡಾಕ್ ಕೂಡ 1988ರಲ್ಲಿ ದೊಡ್ಡ ಔಷಧ ಕಂಪನಿಯೊಂದನ್ನು ಕೊಂಡಿತ್ತು. ಕೆಲವೇ ವರ್ಷಗಳಲ್ಲಿ ಮಾರಿ ಕೈ ತೊಳೆದುಕೊಂಡಿತು.