ಡ್ರುಪಾಲ್ 7 ತಾಣಗಳು ಬಂದ್ ಆಗುವುದಿಲ್ಲ: ಒಂದು ಸ್ಪಷ್ಟನೆ

‘ಡ್ರುಪಾಲ್ 7ರ ವೆಬ್‌ಸೈಟ್‌ಗಳೆಲ್ಲ ಬಂದ್ ಆಗುತ್ತವೆ, ಕೂಡಲೇ ಅಪ್‌ಡೇಟ್ ಒತ್ತಿ’ ಎಂಬ ಸಂದೇಶ ಉಡುಪಿಯ ಸಂಘ-ಸಂಸ್ಥೆಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಡ್ರುಪಾಲ್ ಎಂದರೆ ವೆಬ್‌ಸೈಟ್ ಕಟ್ಟಿ ನಡೆಸುವ ತಂತ್ರಾಂಶ; 7 ಅದರ ಹಳೆಯ ಆವೃತ್ತಿ. ಸಂದೇಶದ ಎರಡೂ ಮಾತು ತಪ್ಪು.

2025ರ ಜನವರಿ 5ಕ್ಕೆ ನಿಂತದ್ದು ಈ ಆವೃತ್ತಿಗೆ ಡ್ರುಪಾಲ್ ಸಮುದಾಯ (ಅದನ್ನು ಬೆಳೆಸುವ ತಂತ್ರಜ್ಞರ ಬಳಗ) ಕೊಡುತ್ತಿದ್ದ ಬೆಂಬಲ. ತಾಣ ತೆರೆಯುತ್ತಲೇ ಇರುತ್ತದೆ. ಆದರೆ ಹೊಸದಾಗಿ ಕಂಡುಬರುವ ಭದ್ರತಾ ಲೋಪಗಳಿಗೆ ಸಮುದಾಯದಿಂದ ಪರಿಹಾರ ಸಿಗದು. ದೇಣಿಗೆ, ಸೇವಾ ಬುಕಿಂಗ್ ನಡೆಯುವ ತಾಣಗಳಿಗೆ ಇದು ನಿಜಕ್ಕೂ ಅಪಾಯ.

ಇನ್ನು, 8ನೇ ಆವೃತ್ತಿಯಿಂದ ಡ್ರುಪಾಲ್‌ನ ಒಳರಚನೆಯೇ ಬೇರೆ. ಹಾಗಾಗಿ ಅಪ್‌ಡೇಟ್ ಒತ್ತಿದರೆ ಸಾಲದು; ಹೊಸ ತಾಣ ಕಟ್ಟಿ, ಮೈಗ್ರೇಟ್ ಮಾಡ್ಯೂಲ್ (ಮಾಹಿತಿ ಸಾಗಿಸಲು ಡ್ರುಪಾಲ್‌ನಲ್ಲಿರುವ ಸೌಲಭ್ಯ) ಮೂಲಕ ಲೇಖನ, ಚಿತ್ರ, ಖಾತೆಗಳನ್ನು ಸಾಗಿಸಬೇಕು. ಥೀಮ್, ಅಂದರೆ ತಾಣದ ಹೊರನೋಟದ ವಿನ್ಯಾಸ, ಹೊಸದಾಗಿಯೇ ಆಗಬೇಕು. ಕನ್ನಡ ತಾಣಗಳಿಗೆ ಮತ್ತೊಂದು ಕೆಲಸವಿದೆ: ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಹಾಕಿದ ಪುಟಗಳಿದ್ದರೆ ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿ, ಕಾಗುಣಿತ ಕೆಟ್ಟಿದೆಯೇ ಎಂದು ಓದಿ ನೋಡಿ. ಹಳೆಯ ಕೊಂಡಿಗಳಿಗೆ ರೀಡೈರೆಕ್ಟ್ (ಹಳೆಯ ವಿಳಾಸ ತೆರೆದವರನ್ನು ಹೊಸ ಪುಟಕ್ಕೆ ಕಳುಹಿಸುವ ವ್ಯವಸ್ಥೆ) ಹಾಕುವುದನ್ನು ದಯವಿಟ್ಟು ಬಿಡಬೇಡಿ.