ಬ್ಲೂಟೂತ್ ಇದ್ದರೂ ಅಪಾಯ ಅಪಾಯವೇ

ಗಾಡಿ ಓಡಿಸುವಾಗ ಬ್ಲೂಟೂತ್‌ನಲ್ಲಿ ಮಾತಾಡಿದರೆ ತೊಂದರೆ ಇಲ್ಲ ಎಂದು ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪೋಕಾಗಲ್ಲ. ಕೈ ಸ್ಟೇರಿಂಗ್ ಮೇಲಿದ್ದರೂ ಗಮನವೆಲ್ಲ ಮಾತಿನ ಮೇಲೇ ಇರುತ್ತದೆ ಅಲ್ವಾ? ಬೆಳಗ್ಗೆ ನಮ್ಮ ಕೋಲಾರದ ಟೊಮೆಟೊ ಮಂಡಿ ಕಡೆ ಬಂದು ನೋಡಿ. ಕ್ರೇಟ್ ತುಂಬಿದ ಗಾಡಿ ಓಡಿಸುತ್ತಲೇ ಡ್ರೈವರ್‌ಗಳು ರೇಟು ವಿಚಾರಿಸುತ್ತಿರುತ್ತಾರೆ. ಎದುರಿಗೆ ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸಿಕೊಂಡು, ಕತ್ತು ವಾಲಿಸಿಕೊಂಡು ಬರುವ ಬೈಕಿನವರು. ಹಾರ್ನ್ ಹೊಡೆದರೂ ಅವರಿಗೆ ಕೇಳಿಸಲ್ಲ. ಹೈವೇಯಲ್ಲಿ ಗಂಟೆಗೆ 80 ಕಿ.ಮೀ. ವೇಗ ಅಂದರೆ ಒಂದು ಸೆಕೆಂಡಿಗೆ 22 ಮೀಟರ್. ನರಸಾಪುರ ಕೈಗಾರಿಕಾ ಪ್ರದೇಶದ ಹತ್ತಿರ ಫ್ಯಾಕ್ಟರಿ ಶಿಫ್ಟ್ ಬಿಟ್ಟು ಜನ ರಸ್ತೆ ದಾಟುವಾಗ ಆ ಒಂದು ಸೆಕೆಂಡೇ ಸಾಕು. ದಂಡ ಹೆಚ್ಚಿಸಬೇಕು ಅಂದಿದ್ದೀರಿ, ಸರಿ. ಆದರೆ ದಾರಿಯಲ್ಲಿರುವ ಡ್ರೈವರ್‌ಗೆ "ಎಲ್ಲಿದ್ದೀಯ" ಅಂತ ಮೇಲಿಂದ ಮೇಲೆ ಫೋನ್ ಮಾಡುವ ಮಾಲೀಕರ ಬಗ್ಗೆಯೂ ಬರೆಯಿರಿ.